ವಾರ್ಡಿನ ಹದ್ದುಬಸ್ತು ಯಾರ ಕೆಲಸ?

ಒಂದು ಊರಿನ ಮತದಾರರನ್ನು ಗುಂಪು ಗುಂಪಾಗಿ ಬೇರ್ಪಡಿಸಿ, ಯಾವ ಗುಂಪು ಯಾವ ಪ್ರತಿನಿಧಿಯನ್ನು ಆರಿಸಬೇಕೆಂದು ನಕ್ಷೆಯ ಮೇಲೆ ಗೆರೆ ಎಳೆಯುವ ಕೆಲಸಕ್ಕೆ ಕ್ಷೇತ್ರ ಪುನರ್ವಿಂಗಡಣೆ ಎಂದು ಹೆಸರು. ಭಾರತದಲ್ಲಿ ಈ ಕೆಲಸದ ಬಗ್ಗೆ ಬೇರೂರಿದ ಅಭಿಪ್ರಾಯ ಒಂದಿದೆ. ಇದು ಜನಗಣತಿಯ ಅಂಕಿಯನ್ನು ಭಾಗಿಸುವ ತಾಂತ್ರಿಕ ಕೆಲಸ. ಇದಕ್ಕೆಂದೇ ಅಧಿಕಾರಿಗಳೂ ಆಯೋಗಗಳೂ ಇದ್ದಾರೆ. ನಾಗರಿಕರಿಗೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ. ಅದಕ್ಕಿಂತ ಹೆಚ್ಚು ಕೊಟ್ಟರೆ ಜಾತಿ, ಭಾಷೆ, ಪಕ್ಷಗಳ ಜಗಳವಾಗಿ ಚುನಾವಣೆಯೇ ನಿಂತುಹೋದೀತು. ಪಕ್ಷಭೇದವಿಲ್ಲದೆ ರಾಜಕಾರಣಿಗಳೂ, ಅವರನ್ನು ಟೀಕಿಸುವ ಪತ್ರಿಕೆಗಳೂ ಬಹುಮಟ್ಟಿಗೆ ಇದನ್ನು ಒಪ್ಪಿಕೊಂಡಿವೆ. ಈ ಅಭಿಪ್ರಾಯ ನಿಂತಿರುವ ನಾಲ್ಕು ಕಾಲುಗಳಲ್ಲಿ ಒಂದೂ ಗಟ್ಟಿಯಾಗಿಲ್ಲ. ಮುಂಬಯಿಯ ಚೆಂಬೂರಿನ ನಕ್ಷೆಯನ್ನು ಎದುರಿಗೆ ಹರಡಿಕೊಂಡರೆ ಅದು ಒಂದೊಂದಾಗಿ ಕಾಣುತ್ತದೆ.

ಭಾಗಾಕಾರ ಹೇಳದ ಮಾತು

ಮೊದಲ ಕಾಲು ಗಣಿತ. ಮುಂಬಯಿ ಮಹಾನಗರಪಾಲಿಕೆಯ ಒಂದೊಂದು ಚುನಾವಣಾ ವಾರ್ಡಿನಿಂದ ಒಬ್ಬ ನಗರಸೇವಕ ಆರಿಸಿ ಬರುತ್ತಾನೆ; ಅದನ್ನು ಪ್ರಭಾಗ ಎನ್ನುವುದು ರೂಢಿ. ಎಂ ಈಸ್ಟ್, ಎಂ ವೆಸ್ಟ್ ಎಂದು ಕರೆಯುವವು ಆಡಳಿತ ವಿಭಾಗಗಳು. ಒಂದು ವಿಭಾಗದಲ್ಲಿ ಹಲವು ಪ್ರಭಾಗಗಳು. 2011ರ ಗಣತಿಯಂತೆ ನಗರದ ಜನಸಂಖ್ಯೆ 1,24,42,373. ಇದನ್ನು 227 ಪ್ರಭಾಗಗಳಿಗೆ ಹಂಚಿದರೆ ಒಂದಕ್ಕೆ ಸರಾಸರಿ 54,812 ಜನ. ಶೇ 10ರಷ್ಟು ಹೆಚ್ಚು ಕಡಿಮೆ ಆಗಬಹುದೆಂಬುದು ನಿಯಮ. ಅಂದರೆ ಸುಮಾರು 49,300ರಿಂದ 60,300ರ ಒಳಗೆ ಎಷ್ಟಿದ್ದರೂ ನಡೆಯುತ್ತದೆ.

ಚೆಂಬೂರು ನಿಲ್ದಾಣ, ತಿಲಕ್ ನಗರ, ಛೇಡಾ ನಗರಗಳಿರುವ ಎಂ ವೆಸ್ಟ್ ವಿಭಾಗದ ಜನಸಂಖ್ಯೆ ಅದೇ ಗಣತಿಯಲ್ಲಿ 4,11,893. ಸರಾಸರಿಯಿಂದ ಭಾಗಿಸಿದರೆ ಬರುವ ಉತ್ತರ ಏಳೂವರೆ. ಏಳೂವರೆ ನಗರಸೇವಕರು ಎಲ್ಲಿಯೂ ಇರುವುದಿಲ್ಲ. ಏಳು ಪ್ರಭಾಗ ಮಾಡಿದರೆ ಒಂದೊಂದಕ್ಕೆ ಸುಮಾರು 58,800 ಜನ. ಎಂಟು ಮಾಡಿದರೆ ಸುಮಾರು 51,500. ಎರಡೂ ನಿಯಮದೊಳಗೇ ಇವೆ. ಪಕ್ಕದ ಎಂ ಈಸ್ಟ್, ಅಂದರೆ ಗೋವಂಡಿ, ದೇವನಾರ್, ಮಾನ್‌ಖುರ್ದ್, ಟ್ರಾಂಬೆಗಳ ವಿಭಾಗದಲ್ಲಿ 8,07,720 ಜನ. ಅಲ್ಲಿ 14 ಪ್ರಭಾಗ ಮಾಡಿದರೂ ನಿಯಮಕ್ಕೆ ಸರಿ, 15 ಮಾಡಿದರೂ ಸರಿ, 16 ಮಾಡಿದರೂ ಸರಿ. ಎಷ್ಟು ಪ್ರಭಾಗ ಎಂಬುದನ್ನೇ ಗಣಿತ ಖಚಿತವಾಗಿ ಹೇಳುವುದಿಲ್ಲ. ಇನ್ನು ಗೆರೆ ಯಾವ ರಸ್ತೆಯ ಮೇಲೆ ಹಾಯಬೇಕು, ಯಾವ ಚಾಳಿನ ಹಿಂದೆ ತಿರುಗಬೇಕು ಎಂಬುದನ್ನು ಅದು ಹೇಗೆ ಹೇಳೀತು?

ಒಂದೇ ಸಂಖ್ಯೆಯೊಳಗೆ ಕೂಡುವ ನಕ್ಷೆಗಳು ಸಾವಿರಾರು. ಅವುಗಳಲ್ಲಿ ಒಂದನ್ನು ಹಿಡಿದು ಉಳಿದವನ್ನು ಬಿಡುವುದು ಲೆಕ್ಕವಲ್ಲ, ಆಯ್ಕೆ. ಆ ಆಯ್ಕೆಗೆ ಫಲವೂ ಇದೆ. ಮುಂಬಯಿಯ 227 ಸ್ಥಾನಗಳಲ್ಲಿ 15 ಪರಿಶಿಷ್ಟ ಜಾತಿಗೆ, 2 ಪರಿಶಿಷ್ಟ ಪಂಗಡಕ್ಕೆ ಮೀಸಲು. ಯಾವ ಪ್ರಭಾಗದಲ್ಲಿ ಪರಿಶಿಷ್ಟ ಜಾತಿಯವರ ಪಾಲು ಹೆಚ್ಚೋ ಆ ಪ್ರಭಾಗಕ್ಕೆ ಮೀಸಲಾತಿ ಹೋಗುತ್ತದೆ. ಚೆಂಬೂರಿನ ಸಿದ್ಧಾರ್ಥ ಕಾಲೊನಿಯಂಥ ವಸತಿ ಇಡಿಯಾಗಿ ಒಂದೇ ಪ್ರಭಾಗದಲ್ಲಿದ್ದರೆ ಆ ಪಾಲು ಏರುತ್ತದೆ. ನಡುವೆ ಗೆರೆ ಹಾಯಿಸಿದರೆ ಎರಡೂ ಕಡೆ ಇಳಿಯುತ್ತದೆ. ಜನಸಂಖ್ಯೆಯ ಸರಾಸರಿ ಎರಡು ನಕ್ಷೆಗಳಲ್ಲೂ ಒಂದೇ. ತಾಂತ್ರಿಕ ಎಂಬ ಮಾತು ಈ ಆಯ್ಕೆಯನ್ನು ಮುಚ್ಚುವ ಪರದೆ ಮಾತ್ರ.

ಲೋಕಸಭೆಯ ನಕ್ಷೆಯಲ್ಲಿ ಇದು ಇನ್ನೂ ಸ್ಪಷ್ಟ. 2008ರಲ್ಲಿ ಜಾರಿಗೆ ಬಂದ ಪುನರ್ವಿಂಗಡಣೆಯಂತೆ ಚೆಂಬೂರು ವಿಧಾನಸಭಾ ಕ್ಷೇತ್ರ ಮುಂಬಯಿ ದಕ್ಷಿಣ ಮಧ್ಯ ಲೋಕಸಭಾ ಕ್ಷೇತ್ರದಲ್ಲಿದೆ. ಆ ಕ್ಷೇತ್ರದ ಒಂದು ತುದಿ ಅರಬ್ಬಿ ಸಮುದ್ರದ ದಂಡೆಯ ಮಾಹಿಮ್. ಧಾರಾವಿ, ಸಾಯನ್ ಕೋಳಿವಾಡ, ವಡಾಲ ದಾಟಿ ಬಂದರೆ ಇನ್ನೊಂದು ತುದಿ ಠಾಣೆ ಖಾಡಿಯ ಬದಿಯ ಅಣುಶಕ್ತಿ ನಗರ. ಚೆಂಬೂರಿನ ಮಗ್ಗುಲಲ್ಲೇ ಇರುವ ಮಾನ್‌ಖುರ್ದ್ ಶಿವಾಜಿ ನಗರ ಮಾತ್ರ ಮುಂಬಯಿ ಈಶಾನ್ಯದಲ್ಲಿದ್ದು, ದೂರದ ಮುಲುಂಡಿನ ಜತೆ ಮತ ಹಾಕುತ್ತದೆ. ಹೀಗಾಗಿ ಪಾಲಿಕೆಯ ಎಂ ಈಸ್ಟ್ ಎಂಬ ಒಂದೇ ವಿಭಾಗ ಇಬ್ಬರು ಸಂಸದರ ಪಾಲಾಗಿದೆ.

ದೇವನಾರಿನ ಕಸದ ಡಂಪಿಂಗ್ ಗ್ರೌಂಡ್ ಶಿವಾಜಿ ನಗರದ ಬದಿಯಲ್ಲಿದೆ. 2016ರ ಜನವರಿ ಕೊನೆಯಲ್ಲಿ ಅಲ್ಲಿ ಹೊತ್ತಿದ ಬೆಂಕಿಯ ಹೊಗೆ ಗೋವಂಡಿಯನ್ನು ಕವಿದಂತೆ ಚೆಂಬೂರನ್ನೂ ಕವಿಯಿತು. ಸುತ್ತಲಿನ ಪಾಲಿಕೆ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಕಸ ಒಬ್ಬ ಸಂಸದರ ಕ್ಷೇತ್ರದಲ್ಲಿ, ಅದರ ಹೊಗೆ ಇನ್ನೊಬ್ಬರ ಕ್ಷೇತ್ರದಲ್ಲಿ. ಒಂದೇ ಸಂಕಟ ಉಣ್ಣುವವರು ಒಂದೇ ಬಾಯಿಯಿಂದ ಕೇಳಲಾಗದಂತೆ ಗೆರೆ ಅವರ ನಡುವೆ ಹಾದಿದೆ. ಇದು ಸಂಚು ಎಂದು ಹೇಳಬೇಕಾಗಿಲ್ಲ. ದೂರದ ಮೇಜಿನ ಮೇಲೆ ನಕ್ಷೆ ಹರಡಿದವರಿಗೆ ಹೊಗೆಯ ವಾಸನೆ ಬಡಿಯುವುದಿಲ್ಲ, ಅಷ್ಟೇ. ಪುನರ್ವಿಂಗಡಣೆಯ ಕಾನೂನು ನೈಸರ್ಗಿಕ ಎಲ್ಲೆ, ಆಡಳಿತ ಗಡಿ, ಸಂಪರ್ಕ ಸೌಕರ್ಯಗಳ ಜತೆಗೆ ಸಾರ್ವಜನಿಕರ ಅನುಕೂಲವನ್ನೂ ಗಮನಿಸಬೇಕೆನ್ನುತ್ತದೆ. ಸಾರ್ವಜನಿಕರ ಅನುಕೂಲವನ್ನು ಸಾರ್ವಜನಿಕರನ್ನು ಹೊರಗಿಟ್ಟು ಅಳೆಯುವ ಕ್ರಮ ಆ ಕಾನೂನಿನ ಮಾತಿಗೇ ವಿರುದ್ಧ.

227, 236, ಮತ್ತೆ 227

ಎರಡನೆಯ ಕಾಲು, ಗೆರೆ ಎಳೆಯುವವರು ತಟಸ್ಥರು ಎಂಬ ನಂಬಿಕೆ. ಮುಂಬಯಿಯ ಇತ್ತೀಚಿನ ಚರಿತ್ರೆ ಈ ನಂಬಿಕೆಗೆ ಎಡೆಯನ್ನೇ ಕೊಡುವುದಿಲ್ಲ.

2017ರ ಪಾಲಿಕೆ ಚುನಾವಣೆ 227 ಪ್ರಭಾಗಗಳಲ್ಲಿ, 2011ರ ಗಣತಿಯ ಆಧಾರದಲ್ಲಿ ನಡೆಯಿತು. 2021ರ ಕೊನೆಯಲ್ಲಿ ಮಹಾ ವಿಕಾಸ ಆಘಾಡಿ ಸರ್ಕಾರ ಸಂಖ್ಯೆಯನ್ನು 236ಕ್ಕೆ ಏರಿಸಿತು. 2001ರಿಂದ 2011ರ ನಡುವೆ ಜನಸಂಖ್ಯೆ ಶೇ 3.87 ಬೆಳೆದಿದೆ ಎಂಬುದು ಕೊಟ್ಟ ಕಾರಣ. ಆ ಬೆಳವಣಿಗೆ 2017ರ ನಕ್ಷೆಯಲ್ಲಿ ಆಗಲೇ ಸೇರಿತ್ತು. ಹೊಸ ಗಣತಿ ನಡೆದೇ ಇರಲಿಲ್ಲ. 2022ರ ಜೂನ್ ಕೊನೆಯಲ್ಲಿ ಸರ್ಕಾರ ಬದಲಾಯಿತು. ಆಗಸ್ಟ್‌ನಲ್ಲಿ ಹೊಸ ಸರ್ಕಾರ ಸಂಖ್ಯೆಯನ್ನು 227ಕ್ಕೆ ಇಳಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಗಳನ್ನು ಬಾಂಬೆ ಹೈಕೋರ್ಟ್ 2023ರ ಏಪ್ರಿಲ್‌ನಲ್ಲಿ ವಜಾ ಮಾಡಿತು. ಈ ಏರಿಳಿತದುದ್ದಕ್ಕೂ ಕಾಗದದ ಮೇಲೆ ನಗರದ ತಲೆ ಎಣಿಕೆ ಒಂದೇ ಒಂದು ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಬದಲಾದದ್ದು ಮಂತ್ರಾಲಯದಲ್ಲಿ, ಅಂದರೆ ರಾಜ್ಯದ ಸಚಿವಾಲಯದಲ್ಲಿ, ಕುಳಿತವರು. ಗಣಿತ ಒಂದೇ ಇದ್ದು ಉತ್ತರ ಸರ್ಕಾರಕ್ಕೊಂದರಂತೆ ಬಂದರೆ ಅದನ್ನು ಗಣಿತ ಎನ್ನಲಾಗದು.

ರಾಜ್ಯದ ಇತರ ಮಹಾನಗರಪಾಲಿಕೆಗಳ ಪಾಡೂ ಬೇರೆಯಲ್ಲ. ಒಂದು ಪ್ರಭಾಗಕ್ಕೆ ಎಷ್ಟು ಸದಸ್ಯರು ಎಂಬುದೇ ಅಲ್ಲಿ ಸರ್ಕಾರದೊಂದಿಗೆ ಬದಲಾಗುತ್ತ ಬಂದಿದೆ: 2017ರಲ್ಲಿ ನಾಲ್ಕು, ಬಳಿಕ ಒಂದು, 2021ರಲ್ಲಿ ಮೂರು, 2022ರಲ್ಲಿ ಮತ್ತೆ ನಾಲ್ಕು. ಯಾವ ಪಕ್ಷಕ್ಕೆ ಯಾವ ಅಳತೆ ಒಗ್ಗುತ್ತದೋ ಆ ಅಳತೆಗೆ ಊರನ್ನು ಕತ್ತರಿಸುವ ದರ್ಜಿಯ ಕೆಲಸವಿದು.

ಸಂವಿಧಾನದ 74ನೇ ತಿದ್ದುಪಡಿ ನಗರಸಭೆಗಳ ಚುನಾವಣೆಯ ಮೇಲ್ವಿಚಾರಣೆಯನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಒಪ್ಪಿಸಿತು. ಮಹಾರಾಷ್ಟ್ರದಲ್ಲಿ ಪ್ರಭಾಗ ರಚನೆಯೂ ಆ ಆಯೋಗದ ಕೈಯಲ್ಲಿತ್ತು. 2022ರ ಮಾರ್ಚ್‌ನಲ್ಲಿ ವಿಧಾನಮಂಡಲ ಕಾನೂನು ತಿದ್ದಿ ಆ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ತಂದುಕೊಂಡಿತು. ಹಿಂದುಳಿದ ವರ್ಗಗಳ ಮೀಸಲಾತಿ ಉಳಿಸುವುದು ನೆಪವಾಗಿತ್ತು. ಬೇರೆಲ್ಲ ವಿಷಯಗಳಲ್ಲಿ ಕಚ್ಚಾಡುವ ಆಡಳಿತ ಪಕ್ಷ, ವಿರೋಧ ಪಕ್ಷಗಳು ಈ ಒಂದು ಮಸೂದೆಗೆ ಒಮ್ಮತದಿಂದ ಕೈ ಎತ್ತಿದವು. ಇಂದು ಗೆರೆ ನಿನ್ನ ಕೈಯಲ್ಲಿ, ನಾಳೆ ನನ್ನ ಕೈಯಲ್ಲಿ ಎಂಬ ಲೆಕ್ಕ ಅದರ ಹಿಂದಿತ್ತು ಎನ್ನಲು ಹೆಚ್ಚು ಊಹೆ ಬೇಕಿಲ್ಲ.

2025ರಲ್ಲಿ ಮುಂಬಯಿಯ ಪ್ರಭಾಗ ರಚನೆ ನಡೆದದ್ದು ಆ ಹೊಸ ವ್ಯವಸ್ಥೆಯಂತೆ. ಸರ್ಕಾರವೇ ನೇಮಿಸಿದ ಪಾಲಿಕೆ ಆಯುಕ್ತರು ಕರಡು ಸಿದ್ಧಪಡಿಸಿದರು. 2022ರ ಮಾರ್ಚ್ 8ರಿಂದ ಪಾಲಿಕೆಗೆ ಚುನಾಯಿತ ಸದಸ್ಯರಿರಲಿಲ್ಲವಾದ್ದರಿಂದ ಆಯುಕ್ತರೇ ಆಡಳಿತಾಧಿಕಾರಿ. ಕರಡು ರಾಜ್ಯದ ನಗರಾಭಿವೃದ್ಧಿ ಇಲಾಖೆಯ ಮೂಲಕ ಹಾದು, ಕೊನೆಯ ಮುದ್ರೆಗೆ ಚುನಾವಣಾ ಆಯೋಗಕ್ಕೆ ಹೋಯಿತು. ಗೆರೆ ಎಳೆದದ್ದು, ತಿದ್ದಿದ್ದು, ಮೇಲೆ ಕಳಿಸಿದ್ದು ಎಲ್ಲವೂ ಚುನಾವಣೆಯಲ್ಲಿ ಸ್ಪರ್ಧಿಸುವ ಪಕ್ಷಗಳ ಸರ್ಕಾರದ ಅಧೀನದಲ್ಲೇ. ಬೇಲಿ ಹಾಕುವ ಕೆಲಸವನ್ನು ಮೇಯುವವರಿಗೇ ಒಪ್ಪಿಸಿದ ಮೇಲೆ, ಬೇಲಿ ಎದ್ದು ಹೊಲ ಮೇಯಿತೆಂದು ಅಚ್ಚರಿಪಡುವುದು ವ್ಯರ್ಥ.

ಆಯೋಗ ಎಂಬ ಹೆಸರು

ಪಾಲಿಕೆಯ ಮಟ್ಟದಲ್ಲಿ ದೋಷವಿರಬಹುದು, ಆದರೆ ಲೋಕಸಭೆ, ವಿಧಾನಸಭೆಗಳ ಗೆರೆಗಳನ್ನು ಸ್ವತಂತ್ರ ಆಯೋಗವೇ ಎಳೆಯುತ್ತದಲ್ಲ ಎಂಬುದು ಮುಂದಿನ ಸಮಾಧಾನ. ಇದರಲ್ಲಿ ಅರ್ಧ ಸತ್ಯವಿದೆ. 1952, 1962, 1972 ಮತ್ತು 2002ರ ಕಾನೂನುಗಳಂತೆ ನಾಲ್ಕು ಬಾರಿ ಇಂಥ ಆಯೋಗ ರಚನೆಯಾಯಿತು. 2002ರದಕ್ಕೆ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷರು. ಅಮೆರಿಕದ ಮಸಾಚುಸೆಟ್ಸ್‌ನಲ್ಲಿ 1812ರಷ್ಟು ಹಿಂದೆಯೇ ರಾಜ್ಯಪಾಲ ಎಲ್‌ಬ್ರಿಜ್ ಗೆರಿ ಸಹಿ ಹಾಕಿದ, ಹಲ್ಲಿಯಾಕಾರದ ಕ್ಷೇತ್ರವಿದ್ದ ನಕ್ಷೆಯಂಥದ್ದಕ್ಕೆ ಈ ಏರ್ಪಾಟಿನಲ್ಲಿ ಎಡೆ ಕಡಿಮೆ. ಇಷ್ಟನ್ನು ಒಪ್ಪಬೇಕು.

ಆದರೆ ಆಯೋಗದ ಸದಸ್ಯರು ಮೂವರೇ: ನಿವೃತ್ತ ನ್ಯಾಯಮೂರ್ತಿ, ಕೇಂದ್ರ ಚುನಾವಣಾ ಆಯೋಗದ ಒಬ್ಬರು, ಆಯಾ ರಾಜ್ಯದ ಚುನಾವಣಾ ಆಯುಕ್ತರು. ಇಡೀ ದೇಶದ ಸಾವಿರಾರು ಕ್ಷೇತ್ರಗಳ ಗೆರೆ ಮೂವರ ಕಣ್ಣಿಗೆ ಬೀಳುವುದು ಅಧಿಕಾರಿಗಳು ಸಿದ್ಧಪಡಿಸಿ ತಂದ ರೂಪದಲ್ಲಿ. ಪ್ರತಿ ರಾಜ್ಯದಿಂದ ಸೇರುವ ಹತ್ತು ಸಹ ಸದಸ್ಯರು ಯಾರು? ಐವರು ಸಂಸದರು, ಐವರು ಶಾಸಕರು. ಅವರಿಗೆ ಮತದ ಹಕ್ಕಿಲ್ಲ ನಿಜ. ಆದರೆ ಒಳಗೆ ಕುಳಿತು ಮಾತಾಡುವ ಹಕ್ಕಿದೆ. ಗೆರೆಯಿಂದ ಲಾಭನಷ್ಟ ಇರುವವರಿಗೆ ಒಳಗೆ ಕುರ್ಚಿ, ಗೆರೆಯೊಳಗೆ ಬದುಕುವವರಿಗೆ ಸಭಾಂಗಣದಲ್ಲಿ ಸರದಿ. ಇದೇ ಈ ವ್ಯವಸ್ಥೆಯ ಸ್ವಾತಂತ್ರ್ಯದ ಅಳತೆ.

ನ್ಯಾಯಮೂರ್ತಿಯ ಹೆಸರಿದ್ದರೆ ಗೆರೆಗೆ ತಾನಾಗಿ ಒಪ್ಪಿಗೆ ಬರುತ್ತದೆಂಬ ನಂಬಿಕೆ ಎಷ್ಟು ಪೊಳ್ಳು ಎಂಬುದನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಆಯೋಗ ರಾಜ್ಯಗಳ ಗಡಿ ವಿವಾದದ ಬಗ್ಗೆ 1967ರಲ್ಲಿ ವರದಿ ಕೊಟ್ಟಿತು. ಆಯೋಗ ಬೇಕೆಂದು ಪಟ್ಟು ಹಿಡಿದಿದ್ದ ಮಹಾರಾಷ್ಟ್ರವೇ ವರದಿಯನ್ನು ತಳ್ಳಿಹಾಕಿತು. ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಅದರ ಶಿಫಾರಸು ಇಂದಿಗೂ ಕಾಗದದಲ್ಲೇ ಇದೆ. ರಾಜ್ಯದ ಗಡಿ ಬೇರೆ, ವಾರ್ಡಿನ ಗಡಿ ಬೇರೆ. ಆದರೂ ಪಾಠ ಒಂದೇ: ಗೆರೆಗೆ ಬಲ ಬರುವುದು ಎಳೆದವರ ಪದವಿಯಿಂದಲ್ಲ, ಅದನ್ನು ಎಳೆದ ರೀತಿಯನ್ನು ಎರಡೂ ಬದಿಯವರು ಕಂಡು ಒಪ್ಪುವುದರಿಂದ.

ಆಯೋಗ ಎಂಬ ಪದವೇ ಹೇಗೆ ಸವೆಯಬಲ್ಲದು ಎಂಬುದಕ್ಕೆ ಬೆಂಗಳೂರು ಸಾಕ್ಷಿ. ಬೃಹತ್ ಬೆಂಗಳೂರು ಮಹಾನಗರಪಾಲಿಕೆಗೆ 2015ರ ಆಗಸ್ಟ್‌ನಲ್ಲಿ 198 ವಾರ್ಡುಗಳಲ್ಲಿ ಚುನಾವಣೆ ನಡೆಯಿತು. ಆ ಅವಧಿ 2020ರಲ್ಲಿ ಮುಗಿಯಿತು. 2022ರಲ್ಲಿ ಬಿಜೆಪಿ ಸರ್ಕಾರ ಇದ್ದಾಗ ವಾರ್ಡುಗಳು 243 ಆದವು. 2023ರಲ್ಲಿ ಕಾಂಗ್ರೆಸ್ ಸರ್ಕಾರ ಬಂದಾಗ 225 ಆದವು. 2025ರಲ್ಲಿ ಪಾಲಿಕೆಯೇ ಐದಾಗಿ ಒಡೆದು ಒಟ್ಟು ವಾರ್ಡುಗಳು 369ಕ್ಕೆ ಏರಿದವು. ಆ ವರ್ಷ ಮುಗಿಯುವ ತನಕ ಚುನಾವಣೆ ನಡೆಯಲಿಲ್ಲ. ವಾರ್ಡು ವಿಂಗಡಣೆಗೆ ಆಯೋಗ ಎಂದೇ ಹೆಸರಿತ್ತು. ಅದರಲ್ಲಿ ಕುಳಿತವರು ಸರ್ಕಾರದ ಅಧಿಕಾರಿಗಳು. ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ವಿಂಗಡಣೆಯನ್ನೂ 2021ರಲ್ಲಿ ರಾಜ್ಯ ಚುನಾವಣಾ ಆಯೋಗದಿಂದ ಬಿಡಿಸಿ ಬೇರೊಂದು ಆಯೋಗಕ್ಕೆ ಕೊಡಲಾಯಿತು. ಆ ವರ್ಷ ಅವಧಿ ಮುಗಿದ ಪಂಚಾಯತಿಗಳೂ ವರ್ಷಗಟ್ಟಲೆ ಸದಸ್ಯರಿಲ್ಲದೆ ಉಳಿದವು. ನಾಗರಿಕರಿಗೆ ಕೊಟ್ಟರೆ ಚುನಾವಣೆ ತಡವಾದೀತು ಎಂದು ಹೆದರಿಸುವವರು ಈ ಲೆಕ್ಕವನ್ನು ಮೊದಲು ಒಪ್ಪಿಸಬೇಕು. ಇಲ್ಲಿ ಒಬ್ಬ ಸಾಮಾನ್ಯ ನಾಗರಿಕನೂ ಗೆರೆಯನ್ನು ಮುಟ್ಟಿರಲಿಲ್ಲ.

ಹದಿನಾಲ್ಕು ದಿನಗಳ ಆಕ್ಷೇಪಣೆ

ಮೂರನೆಯ ಕಾಲು ಆಕ್ಷೇಪಣೆಯ ಅವಕಾಶ. ಮುಂಬಯಿಯ ಕರಡು ನಕ್ಷೆ 2025ರ ಆಗಸ್ಟ್ 22ರಂದು ಪ್ರಕಟವಾಯಿತು. ಆಕ್ಷೇಪಣೆಗೆ ಸೆಪ್ಟೆಂಬರ್ 4 ಕೊನೆಯ ದಿನ. ಒಟ್ಟು ಹದಿನಾಲ್ಕು ದಿನ. ಆ ವರ್ಷ ಗಣೇಶ ಚತುರ್ಥಿ ಆಗಸ್ಟ್ 27ರಂದು, ಅನಂತ ಚತುರ್ದಶಿ ಸೆಪ್ಟೆಂಬರ್ 6ರಂದು. ಅಂದರೆ ಹದಿನಾಲ್ಕರಲ್ಲಿ ಒಂಬತ್ತು ದಿನ ಗಣೇಶೋತ್ಸವದ ನಡುವೆ ಬಿದ್ದವು. ತಿಲಕ್ ನಗರದ ಮಂಟಪಕ್ಕೆ ಊರಿಗೆ ಊರೇ ಸಾಲು ನಿಲ್ಲುವ, ಕೊಂಕಣದವರೆಲ್ಲ ರೈಲು ಹತ್ತಿ ಊರಿಗೆ ಹೋಗುವ ವಾರದಲ್ಲಿ ಪ್ರಭಾಗದ ನಕ್ಷೆ ಬಿಡಿಸಿ ಓದಿ ಎಂದು ನಗರಕ್ಕೆ ಹೇಳಲಾಯಿತು.

ದಿನಗಳು ಹೆಚ್ಚಿದ್ದರೂ ಮೂಲ ದೋಷ ಉಳಿಯುತ್ತಿತ್ತು. ಆಕ್ಷೇಪಣೆ ಕೇಳುವುದು ಗೆರೆ ಎಳೆದಾದ ಮೇಲೆ. ಕರಡಿನ ಜತೆ ಗೆರೆ ಅಲ್ಲೇಕೆ ಹಾಯಿತು ಎಂಬ ಕಾರಣ ಇರುವುದಿಲ್ಲ. ಕೈಬಿಟ್ಟ ಬೇರೆ ನಕ್ಷೆಗಳು ಕಾಣುವುದಿಲ್ಲ. ಒಂದು ಪ್ರಭಾಗದ ಗೆರೆ ಸರಿಸಿದರೆ ಪಕ್ಕದ ಮೂರು ಪ್ರಭಾಗಗಳ ಲೆಕ್ಕ ತಪ್ಪುತ್ತದೆ; ಆದ್ದರಿಂದ ಬಿಡಿ ಆಕ್ಷೇಪಣೆಗಳಲ್ಲಿ ಹೆಚ್ಚಿನವು ಹೆಚ್ಚೆಂದರೆ ಗಡಿಯ ಒಂದು ಓಣಿಯನ್ನು ಆಚೀಚೆ ಮಾಡಬಲ್ಲವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಇದು.

ಕರ್ನಾಟಕದ ಹಳ್ಳಿಯಲ್ಲಿ ಒಂದು ಎಕರೆ ಹೊಲದ ಹದ್ದುಬಸ್ತು ಮಾಡಬೇಕಾದರೆ ಮೋಜಣಿದಾರ ಮೊದಲು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕಳಿಸುತ್ತಾನೆ. ಸರಪಳಿ ಎಳೆಯುವಾಗ ಅವರು ಎದುರಿಗಿರುತ್ತಾರೆ. ಪಂಚರು ಸಹಿ ಹಾಕುತ್ತಾರೆ. ಆಮೇಲೆ ಬಾಂದುಕಲ್ಲು. ಒಂದು ಎಕರೆಗೆ ಸಿಗುವ ಈ ಮರ್ಯಾದೆ ಐವತ್ತೈದು ಸಾವಿರ ಜನರ ವಾರ್ಡಿಗೆ ಸಿಗುವುದಿಲ್ಲ. ಅಲ್ಲಿ ಕಲ್ಲು ನೆಟ್ಟಾದ ಮೇಲೆ ನೋಟಿಸು ಬರುತ್ತದೆ.

ನಾಗರಿಕ ಆಯೋಗದ ಕ್ರಮ

ಬೇರೆ ದಾರಿ ಇಲ್ಲವೆಂದಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 2008ರ ಜನಮತಗಣನೆಯಲ್ಲಿ ಗೆರೆಯನ್ನು ಶಾಸಕರಿಂದ ಬಿಡಿಸಿ ಹದಿನಾಲ್ಕು ನಾಗರಿಕರ ಆಯೋಗಕ್ಕೆ ಕೊಟ್ಟಿತು. 2010ರಲ್ಲಿ ಸಂಸತ್ತಿನ ಕ್ಷೇತ್ರಗಳನ್ನೂ ಅದಕ್ಕೆ ಸೇರಿಸಿತು. ಆಯ್ಕೆಯ ಕ್ರಮವೇ ಇಲ್ಲಿ ಮುಖ್ಯ. ಮತದಾರರಿಂದ ಅರ್ಜಿ ಕರೆಯುತ್ತಾರೆ. ಮೊದಲ ಸಲ ಬಂದವು ಸುಮಾರು 30,000. ಹಿಂದಿನ ಹತ್ತು ವರ್ಷಗಳಲ್ಲಿ ಅಭ್ಯರ್ಥಿಯಾಗಿದ್ದವರು, ಪಕ್ಷದ ಹುದ್ದೆಯಲ್ಲಿದ್ದವರು, ಅವರ ಹತ್ತಿರದ ನೆಂಟರು ಅನರ್ಹರು. ರಾಜ್ಯದ ಲೆಕ್ಕ ಪರಿಶೋಧಕರ ಕಚೇರಿ ಸೋಸಿ 60 ಜನರ ಪಟ್ಟಿ ಮಾಡುತ್ತದೆ. ಸದನದ ನಾಯಕರು ಅದರಲ್ಲಿ 24 ಹೆಸರುಗಳ ತನಕ ಹೊಡೆದುಹಾಕಬಹುದು, ಒಂದನ್ನೂ ಸೇರಿಸುವಂತಿಲ್ಲ. ಉಳಿದವರಲ್ಲಿ ಎಂಟು ಜನರನ್ನು ಚೀಟಿ ಎತ್ತಿ ಆರಿಸುತ್ತಾರೆ. ಆ ಎಂಟು ಜನ ಇನ್ನಾರು ಮಂದಿಯನ್ನು ಸೇರಿಸಿಕೊಳ್ಳುತ್ತಾರೆ. ಐವರು ಒಂದು ದೊಡ್ಡ ಪಕ್ಷದ ಮತದಾರರು, ಐವರು ಇನ್ನೊಂದರವರು, ನಾಲ್ವರು ಎರಡಕ್ಕೂ ಸೇರದವರು. ಅಂತಿಮ ನಕ್ಷೆಗೆ ಮೂರೂ ಗುಂಪುಗಳಿಂದ ಕನಿಷ್ಠ ಮೂರು ಮೂರು ಮತ ಬೇಕು. ಒಂದು ಪಕ್ಷ ಒಂಟಿಯಾಗಿ ಏನನ್ನೂ ದಾಟಿಸಲಾಗದು. ಸಭೆಗಳೆಲ್ಲ ಬಹಿರಂಗ.

ಚೀಟಿ ಎತ್ತುವುದು ಪರದೇಶದಿಂದ ಕಲಿಯಬೇಕಾದ ವಿದ್ಯೆಯಲ್ಲ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಹತ್ತನೇ ಶತಮಾನದ ಚೋಳರ ಶಾಸನ ಊರನ್ನು 30 ಕುಡುಂಬುಗಳಾಗಿ, ಅಂದರೆ ವಾರ್ಡುಗಳಾಗಿ ವಿಂಗಡಿಸಿ, ಓಲೆಗರಿಯಲ್ಲಿ ಹೆಸರು ಬರೆದು ಕೊಡದಲ್ಲಿ ಹಾಕಿ, ಹುಡುಗನೊಬ್ಬನಿಂದ ಎತ್ತಿಸುವ ಕ್ರಮವನ್ನು ಹೇಳುತ್ತದೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಿಗೆ ಅಲ್ಲಿ ಜಾಗವಿರಲಿಲ್ಲ. ಅವನ ನೆಂಟರಿಗೂ ಇರಲಿಲ್ಲ. ಆ ಸಭೆ ಭೂಮಿ ಇದ್ದ ಬ್ರಾಹ್ಮಣರಿಗಷ್ಟೇ ಸೀಮಿತವಾಗಿತ್ತೆಂಬುದು ಅದರ ಕಳಂಕ. ಆದರೆ ಸ್ವಾರ್ಥವಿರುವವನನ್ನು ದೂರವಿಟ್ಟು ಉಳಿದದ್ದನ್ನು ಚೀಟಿಗೆ ಬಿಡುವ ಜಾಣ್ಮೆ ಸಾವಿರ ವರ್ಷ ಹಳೆಯದು. ಇಂದಿನ ಮುಂಬಯಿಗೂ ಅದು ಹೊಸತಲ್ಲ. ಸರ್ಕಾರಿ ವಸತಿ ಸಂಸ್ಥೆ ಮ್ಹಾಡಾದ ಮನೆಗಳ ಹಂಚಿಕೆ ಸೋಡತ್‌ನಲ್ಲಿ, ಅಂದರೆ ಚೀಟಿ ಎತ್ತಿ ನಡೆಯುತ್ತದೆ. ಮಹಿಳೆಯರಿಗೆ, ಹಿಂದುಳಿದವರಿಗೆ ಯಾವ ಪ್ರಭಾಗ ಮೀಸಲು ಎಂಬುದೂ 2025ರ ನವೆಂಬರ್ 11ರಂದು ಬಾಂದ್ರಾದ ಬಾಲಗಂಧರ್ವ ರಂಗಮಂದಿರದಲ್ಲಿ ಸೋಡತ್‌ನಿಂದಲೇ ತೀರ್ಮಾನವಾಯಿತು. ಮನೆ ಯಾರಿಗೆ, ಸ್ಥಾನ ಯಾರಿಗೆ ಎಂಬುದಕ್ಕೆ ಚೀಟಿಯನ್ನು ನಂಬುವ ನಗರ, ಗೆರೆ ಎಳೆಯುವವರು ಯಾರು ಎಂಬುದಕ್ಕೆ ಮಾತ್ರ ಮಂತ್ರಾಲಯವನ್ನು ನಂಬಬೇಕೆಂಬುದಕ್ಕೆ ತರ್ಕವಿಲ್ಲ.

ಎದುರುವಾದಗಳು

ನಾಲ್ಕನೆಯ ಕಾಲು, ನಾಗರಿಕರ ಯೋಗ್ಯತೆಯ ಮೇಲಿನ ಅನುಮಾನ. ಸಾಮಾನ್ಯರಿಗೆ ನಕ್ಷೆಯ ತಿಳಿವಳಿಕೆ ಇರುವುದಿಲ್ಲ, ತಪ್ಪು ಮಾಡುತ್ತಾರೆ ಎನ್ನುತ್ತಾರೆ. ತಪ್ಪು ಆಗಿದ್ದುಂಟು. ಮಿಶಿಗನ್ ರಾಜ್ಯದಲ್ಲಿ 2018ರ ಜನಮತಗಣನೆಯಿಂದ ಬಂದ 13 ನಾಗರಿಕರ ಆಯೋಗ ಡೆಟ್ರಾಯಿಟ್ ಪ್ರದೇಶದ 13 ಕ್ಷೇತ್ರಗಳನ್ನು ಜನಾಂಗದ ಲೆಕ್ಕದಲ್ಲಿ ಎಳೆದಿದೆ, ಇದು ಸಂವಿಧಾನಕ್ಕೆ ವಿರುದ್ಧ ಎಂದು 2023ರ ಡಿಸೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು. ಆದರೆ ತಪ್ಪು ಸಾಬೀತಾದದ್ದು ಹೇಗೆ? ಆಯೋಗದ ಸಭೆಗಳು ಬಹಿರಂಗವಾಗಿದ್ದು, ಸದಸ್ಯರು ಆಡಿದ ಮಾತು ದಾಖಲಾಗಿದ್ದರಿಂದ. ಮರುವರ್ಷ ಆಯೋಗವೇ ಗೆರೆಗಳನ್ನು ತಿದ್ದಿತು. ಮುಂಬಯಿಯ ಕರಡು ತಯಾರಾಗುವ ಕೋಣೆಯಲ್ಲಿ ಆದ ಮಾತುಕತೆ ಯಾವ ನ್ಯಾಯಾಲಯಕ್ಕೂ ಸಿಗುವುದಿಲ್ಲ. ತಪ್ಪು ಮಾಡಿ ಸಿಕ್ಕಿಬೀಳುವ ವ್ಯವಸ್ಥೆ, ತಪ್ಪೇ ಕಾಣದಂತೆ ಮಾಡುವ ವ್ಯವಸ್ಥೆಗಿಂತ ಮೇಲು. ನಕ್ಷೆಯ ಕೌಶಲ ಬೇಕಾದರೆ ನಿಪುಣರು ಕಚೇರಿಯಲ್ಲಿ ಸಿಗುತ್ತಾರೆ. ಅವರು ನೆರವಾಗಲಿ, ತೀರ್ಮಾನ ಅವರದಾಗುವುದು ಬೇಡ.

ಕ್ಯಾಲಿಫೋರ್ನಿಯವೇ ತನ್ನ ಆಯೋಗವನ್ನು ಬದಿಗಿಟ್ಟಿತಲ್ಲ ಎಂಬುದು ಇನ್ನೊಂದು ಆಕ್ಷೇಪ. 2025ರಲ್ಲಿ ಟೆಕ್ಸಸ್ ಶಾಸಕಾಂಗ ತನ್ನ ಸಂಸತ್ ಕ್ಷೇತ್ರಗಳನ್ನು ಆಳುವ ಪಕ್ಷದ ಅನುಕೂಲಕ್ಕೆ ಮತ್ತೆ ಎಳೆದಾಗ, ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯ ಆಯೋಗದ ಸಂಸತ್ ನಕ್ಷೆಯನ್ನು ತಾತ್ಕಾಲಿಕವಾಗಿ ಬದಲಿಸಿದ್ದು ನಿಜ. ಅದು ಆಯೋಗದ ಆಶಯಕ್ಕೆ ಬಿದ್ದ ಪೆಟ್ಟು ಎಂಬುದೂ ನಿಜ. ಆದರೆ ಅಲ್ಲಿನ ಆಳುವವರು ಅದಕ್ಕಾಗಿ 2025ರ ನವೆಂಬರ್ 4ರಂದು ಇಡೀ ರಾಜ್ಯದ ಮತದಾರರ ಮುಂದೆ ಹೋಗಿ ಒಪ್ಪಿಗೆ ಕೇಳಬೇಕಾಯಿತು. ಮುಂಬಯಿಯಲ್ಲಿ ಸರ್ಕಾರ ಬದಲಾದ ಎರಡು ತಿಂಗಳೊಳಗೆ ಒಂಬತ್ತು ಪ್ರಭಾಗಗಳು ಮಾಯವಾದಾಗ ಯಾವ ಮತದಾರನನ್ನೂ ಯಾರೂ ಕೇಳಲಿಲ್ಲ.

ಜಾತಿ, ಭಾಷೆಗಳ ಪೈಪೋಟಿ ಶುರುವಾದೀತೆಂಬ ಭಯಕ್ಕೆ ಚೆಂಬೂರೇ ಉತ್ತರ. ಇಲ್ಲಿ ಸಿಂಧಿ ನಿರಾಶ್ರಿತರ ಕ್ಯಾಂಪ್ ಇದೆ, ತಮಿಳರ ಮುರುಗನ್ ದೇವಾಲಯವಿದೆ, ಛೇಡಾ ನಗರದಲ್ಲಿ ಸುಬ್ರಹ್ಮಣ್ಯ ಮಠವಿದೆ, ಶಾಲೆ ನಡೆಸುವ ಚೆಂಬೂರು ಕರ್ನಾಟಕ ಸಂಘವಿದೆ, ಘಾಟ್ಲಾದಂಥ ಹಳೆಯ ಊರುಗಳಿವೆ. ಕನ್ನಡಿಗರೂ ತುಳುವರೂ ಒಂದೇ ಕಡೆ ಗುಂಪುಗೂಡಿಲ್ಲ. ಹತ್ತಾರು ಸೊಸೈಟಿಗಳಲ್ಲಿ, ಹೋಟೆಲುಗಳ ಹಿಂದಿನ ಓಣಿಗಳಲ್ಲಿ ಹರಡಿಕೊಂಡಿದ್ದಾರೆ. ಎಷ್ಟೇ ಜಾಣತನದಿಂದ ಗೆರೆ ಎಳೆದರೂ ಇಲ್ಲಿ ಕನ್ನಡ ಪ್ರಭಾಗ ಹುಟ್ಟುವುದಿಲ್ಲ, ಹುಟ್ಟಬೇಕಾಗಿಯೂ ಇಲ್ಲ. ಅವರ ಹಿತ ಇರುವುದು ಒಂದೇ ನಾಲೆ ಉಕ್ಕುವ, ಒಂದೇ ನೀರಿನ ಪೈಪು ಹಂಚಿಕೊಳ್ಳುವ, ಒಂದೇ ಹೊಗೆ ಕುಡಿಯುವ ನೆರೆಯವರ ಜತೆ. ಆ ನೆರೆಹೊರೆ ಎಲ್ಲಿ ಮುಗಿಯುತ್ತದೆ ಎಂಬುದು ಗಣತಿಯ ಪಟ್ಟಿಯಲ್ಲಿ ಸಿಗುವ ಮಾಹಿತಿಯಲ್ಲ. ಅಲ್ಲಿ ಬದುಕುವವರು ಬಂದು ಹೇಳಬೇಕಾದ ಮಾಹಿತಿ. ಜಾತಿಯ ಲೆಕ್ಕ ಈಗಲೂ ನಡೆಯುತ್ತದೆ, ಮುಚ್ಚಿದ ಬಾಗಿಲ ಹಿಂದೆ. ಬಾಗಿಲು ತೆರೆದರೆ ಅದು ಹೊಸದಾಗಿ ಹುಟ್ಟುವುದಿಲ್ಲ, ಎಲ್ಲರಿಗೂ ಕಾಣಿಸುತ್ತದೆ ಅಷ್ಟೇ.

ಮುಂಬಯಿಗೆ ಬೇಕಾದ ಏರ್ಪಾಟು

ಪಾಲಿಕೆಯ ಮಟ್ಟದಲ್ಲಿ ನಾಗರಿಕ ಆಯೋಗಕ್ಕೆ ಸಂವಿಧಾನ ತಿದ್ದಬೇಕಾಗಿಲ್ಲ. 1888ರ ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯನ್ನು ವಿಧಾನಮಂಡಲ ತಿದ್ದಿದರೆ ಸಾಕು. 2022ರಲ್ಲಿ ಅಧಿಕಾರವನ್ನು ಕಿತ್ತುಕೊಂಡದ್ದೂ ಅಂಥ ತಿದ್ದುಪಡಿಯಿಂದಲೇ. ಏರ್ಪಾಟು ಹೀಗಿರಬೇಕು. ರಾಜ್ಯ ಚುನಾವಣಾ ಆಯೋಗ ನಗರದ ಮತದಾರರಿಂದ ಅರ್ಜಿ ಕರೆಯಲಿ. ಹತ್ತು ವರ್ಷಗಳಲ್ಲಿ ಅಭ್ಯರ್ಥಿ, ಪಕ್ಷದ ಪದಾಧಿಕಾರಿ, ಪಾಲಿಕೆಯ ಗುತ್ತಿಗೆದಾರ ಆಗಿದ್ದವರೂ ಅವರ ಹತ್ತಿರದ ಬಂಧುಗಳೂ ಹೊರಗುಳಿಯಲಿ. ದ್ವೀಪನಗರ, ಪೂರ್ವ ಉಪನಗರ, ಪಶ್ಚಿಮ ಉಪನಗರಗಳಿಂದ ಜನಸಂಖ್ಯೆಗೆ ತಕ್ಕಂತೆ, ಅರ್ಧದಷ್ಟು ಮಹಿಳೆಯರಿರುವಂತೆ, ಪರಿಶಿಷ್ಟರಿಗೂ ಗುಡಿಸಲು ವಸತಿಯವರಿಗೂ ಪಾಲು ಸಿಗುವಂತೆ ಬಹಿರಂಗ ಸೋಡತ್ ನಡೆಯಲಿ. ಅವರು ಗೆರೆ ಎಳೆಯುವ ಮೊದಲೇ ಪ್ರತಿ ಆಡಳಿತ ವಿಭಾಗದಲ್ಲಿ ಕೂತು ಜನರ ಮಾತು ಕೇಳಲಿ. ಪ್ರತಿ ಗೆರೆಗೂ ಲಿಖಿತ ಕಾರಣ ಇರಲಿ. ಕೈಬಿಟ್ಟ ನಕ್ಷೆಗಳೂ ಪ್ರಕಟವಾಗಲಿ. ಮೂರನೇ ಎರಡರಷ್ಟು ಮತವಿಲ್ಲದೆ ನಕ್ಷೆ ಅಂತಿಮವಾಗದಿರಲಿ. ಪ್ರಭಾಗಗಳ ಒಟ್ಟು ಸಂಖ್ಯೆ ಹೊಸ ಗಣತಿ ಬಂದಾಗ ಮಾತ್ರ, ಕಾನೂನಿನಲ್ಲೇ ಬರೆದ ಸೂತ್ರದಂತೆ ಬದಲಾಗಲಿ.

ತಡವಾಗದಂತೆ ಒಂದೇ ಒಂದು ಕಲಮು ಸಾಕು: ಗೊತ್ತುಪಡಿಸಿದ ದಿನದೊಳಗೆ ಹೊಸ ನಕ್ಷೆ ಆಗದಿದ್ದರೆ ಹಳೆಯ ನಕ್ಷೆಯಲ್ಲೇ ಚುನಾವಣೆ. ಸಂವಿಧಾನ ಪಾಲಿಕೆಗೆ ಐದು ವರ್ಷದ ಅವಧಿ ಕೊಟ್ಟು, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕೆನ್ನುತ್ತದೆ. ಆದರೂ 2022ರ ಮಾರ್ಚ್‌ನಿಂದ, ಸುಪ್ರೀಂ ಕೋರ್ಟ್ ಗಡುವಿನ ಮೇಲೆ ಗಡುವು ಕೊಟ್ಟು 2026ರ ಜನವರಿ 15ರಂದು ಮತದಾನ ನಡೆಯುವ ತನಕ, ದೇಶದ ಅತಿ ಶ್ರೀಮಂತ ಪಾಲಿಕೆ ಚುನಾಯಿತರಿಲ್ಲದೆ ನಡೆಯಿತು. ಮೀಸಲಾತಿಯ ವ್ಯಾಜ್ಯ, ಗೆರೆಯ ವ್ಯಾಜ್ಯ ಒಂದಕ್ಕೊಂದು ತೊಡರಿ ನಗರಸೇವಕರ ಕುರ್ಚಿಗಳು ಮೂರು ವರ್ಷ ಹತ್ತು ತಿಂಗಳು ಖಾಲಿ ಉಳಿದವು.

ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಆ ಅಂಕಿ ಬಂದ ಮೇಲೆ ಲೋಕಸಭೆಯಿಂದ ಪ್ರಭಾಗದ ತನಕ ಎಲ್ಲ ಗೆರೆಗಳೂ ಮತ್ತೆ ಚರ್ಚೆಗೆ ಬರುತ್ತವೆ. ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂಬ ಗದ್ದಲದಲ್ಲಿ, ಆ ಸ್ಥಾನಗಳ ಗೆರೆ ಯಾರು ಎಳೆಯಬೇಕೆಂಬ ಪ್ರಶ್ನೆ ಮುಳುಗಿಹೋಗುವ ಸಂಭವ ಹೆಚ್ಚು. ಕಾನೂನು ಆಗಬೇಕಾದದ್ದು ಎಣಿಕೆಗೆ ಮೊದಲು. ಅಂಕಿ ಕೈಗೆ ಬಂದ ಮೇಲೆ ಪ್ರತಿ ಪಕ್ಷಕ್ಕೂ ತನಗೊಗ್ಗುವ ನಕ್ಷೆ ಕಾಣತೊಡಗುತ್ತದೆ. ಆಮೇಲೆ ಅಧಿಕಾರ ಬಿಡಲು ಯಾರೂ ಒಪ್ಪುವುದಿಲ್ಲ. ಎಂ ವೆಸ್ಟ್ ವಿಭಾಗಕ್ಕೆ ಏಳು ಪ್ರಭಾಗವೋ ಎಂಟೋ ಎಂಬುದನ್ನು ಆಗಲೂ ಗಣಿತ ತಾನಾಗಿ ಹೇಳಲಾರದು. ಯಾರೋ ಒಬ್ಬರು ಹೇಳಲೇಬೇಕಾಗುತ್ತದೆ. ಹಾಗೆ ಹೇಳುವವರು ಆ ಉತ್ತರದಿಂದ ಗೆಲ್ಲುವವರಾಗಿರಬಾರದು.